ಶಿರಾಡಿ ಓಪನ್ ಉಂಟಾ?

ಜುಲೈ ಕೊನೆಯ ವಾರದ ಯಾವುದಾದರೊಂದು ರಾತ್ರಿ ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣದಲ್ಲಿ, ಮಂಗಳೂರು ಬಸ್ಸುಗಳು ಹೊರಡುವ ಜಾಗದಲ್ಲಿ ಹತ್ತು ನಿಮಿಷ ನಿಂತರೆ ಸಾಕು, ಒಂದೇ ಪ್ರಶ್ನೆ ಹತ್ತು ಬಾಯಲ್ಲಿ ಕೇಳಿಬರುತ್ತದೆ. ‘ಸಾರ್, ಶಿರಾಡಿ ಓಪನ್ ಇದ್ಯಾ?’ ಎಂದವರು ಘಟ್ಟದ ಮೇಲಿನವರು. ‘ಶಿರಾಡಿ ಓಪನ್ ಉಂಟಾ ಮಾರಾಯ್ರೇ?’ ಎಂದವರು ಕೆಳಗಿನವರು. ಕಂಡಕ್ಟರಿಗೂ ಖಚಿತ ಉತ್ತರ ಗೊತ್ತಿರುವುದಿಲ್ಲ. ‘ಈಗ ಇದೆ, ಹಾಸನಕ್ಕೆ ಹೋದ ಮೇಲೆ ನೋಡುವ’ ಎನ್ನುತ್ತಾರೆ. ಆ ಅರ್ಧ ಭರವಸೆಯ ಮೇಲೆಯೇ ಜನ ಬಸ್ಸು ಹತ್ತುತ್ತಾರೆ. ಮರುದಿನ ಬೆಳಿಗ್ಗೆ ಕಾಲೇಜಿನಲ್ಲಿ ಪರೀಕ್ಷೆಯಿರುವ ಹುಡುಗಿ, ಮಂಗಳೂರಿನ ಆಸ್ಪತ್ರೆಯಲ್ಲಿ ಮಲಗಿರುವ ತಂದೆಯನ್ನು ನೋಡಲು ಹೊರಟ ಮಗ, ಆಟಿ ತಿಂಗಳಿಗೆಂದು ತವರಿಗೆ ಹೊರಟ ಹೊಸ ಮದುಮಗಳು.

ರಾಜ್ಯದ ರಾಜಧಾನಿಗೂ ಅದರ ಮುಖ್ಯ ಬಂದರಿಗೂ ನಡುವಿನ ಹೆದ್ದಾರಿಯ ಬಗ್ಗೆ ಇಂಥ ಪ್ರಶ್ನೆ ಕೇಳಬೇಕಾಗಿರುವುದೇ ವಿಚಿತ್ರ. ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 350 ಕಿ.ಮೀ. ಅದರಲ್ಲಿ 300 ಕಿ.ಮೀ.ಗೂ ಹೆಚ್ಚಿನ ದಾರಿಯ ಬಗ್ಗೆ ಯಾರೂ ಚಿಂತಿಸುವುದಿಲ್ಲ. ಸಕಲೇಶಪುರ ದಾಟಿದ ಮೇಲೆ ಗುಂಡ್ಯ ಸಿಗುವವರೆಗಿನ ನಲವತ್ತು ಕಿ.ಮೀ.ನಷ್ಟು ಉದ್ದದ ತುಂಡೊಂದೇ ಇಡೀ ಪ್ರಯಾಣದ ಹಣೆಬರಹವನ್ನು ಬರೆಯುತ್ತದೆ. ಅಲ್ಲಿ ಡಾಂಬರು ಹಾಕಿ ನೋಡಿಯಾಯಿತು, ಕಾಂಕ್ರೀಟು ಹಾಕಿ ನೋಡಿಯಾಯಿತು, ಈಗ ಅಗಲ ಮಾಡಿಯೂ ನೋಡುತ್ತಿದ್ದಾರೆ. ಆದರೂ ಮಳೆಗಾಲ ಬಂದರೆ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಏಕೆ ಎಂಬುದನ್ನು ತಿಳಿಯಬೇಕಾದರೆ ದಾರಿಯುದ್ದಕ್ಕೂ ಒಮ್ಮೆ ಹೋಗಿ ಬರಬೇಕು.

ನಂಬರು ಬದಲಾದ ದಾರಿ

ಹಳಬರಿಗೆ ಇದು ಈಗಲೂ ‘ಎನ್.ಎಚ್. 48’. ಆದರೆ 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆ ಕೊಟ್ಟಾಗ ಇದು 75 ಆಯಿತು. 48 ಎಂಬ ಸಂಖ್ಯೆ ದೆಹಲಿಯಿಂದ ಮುಂಬೈ, ಪುಣೆ, ಹುಬ್ಬಳ್ಳಿ, ಬೆಂಗಳೂರು ಹಾದು ಚೆನ್ನೈಗೆ ಹೋಗುವ ದಾರಿಗೆ ಸಿಕ್ಕಿತು. ಎರಡೂ ನೆಲಮಂಗಲದವರೆಗೆ ಒಂದೇ ರಸ್ತೆಯಲ್ಲಿ ಬಂದು ಅಲ್ಲಿ ಬೇರೆಯಾಗುತ್ತವೆ. ಹಳೆಯ ಅಭ್ಯಾಸದಂತೆ 48ರ ಫಲಕ ನೋಡಿಕೊಂಡು ಹೋದವರು ಮಂಗಳೂರಿನ ಬದಲು ತುಮಕೂರು ಸೇರುತ್ತಾರೆ. ಹಾಗೆ ನೋಡಿದರೆ 75 ಕೂಡ ಮಂಗಳೂರನ್ನು ಮುಟ್ಟುವುದಿಲ್ಲ. ಅದು ಬಂಟ್ವಾಳದಲ್ಲೇ ಮುಗಿಯುತ್ತದೆ. ಅಲ್ಲಿಂದ ಮಂಗಳೂರಿನವರೆಗಿನ ರಸ್ತೆಯದು 73ರ ಸಂಖ್ಯೆ. ಇದರ ಇನ್ನೊಂದು ತುದಿ ಬೆಂಗಳೂರನ್ನೂ ದಾಟಿ ಕೋಲಾರ, ಮುಳಬಾಗಿಲುಗಳ ಮೂಲಕ ವೆಲ್ಲೂರಿನವರೆಗೆ ಹೋಗುತ್ತದೆ. ಈ ಕೋಲಾರದ ಹೆಸರು ಮುಂದೆ ಮತ್ತೊಮ್ಮೆ ಬರಲಿದೆ.

ನೆಲಮಂಗಲದಿಂದ ಹಾಸನದವರೆಗಿನ ದಾರಿ ಚತುಷ್ಪಥ. ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಹಿರೀಸಾವೆ, ಚನ್ನರಾಯಪಟ್ಟಣ ಒಂದಾದ ಮೇಲೊಂದು ಬಂದು ಹಿಂದೆ ಸರಿಯುತ್ತವೆ. ಯಡಿಯೂರಿನಲ್ಲಿ ತೋಂಟದ ಸಿದ್ಧಲಿಂಗರ ಗದ್ದುಗೆ ಇದೆ. ಬೆಳ್ಳೂರು ಕ್ರಾಸಿನ ಹತ್ತಿರವೇ ಆದಿಚುಂಚನಗಿರಿ. ಚನ್ನರಾಯಪಟ್ಟಣದಿಂದ ಹೊರಳಿದರೆ ಶ್ರವಣಬೆಳಗೊಳ. ಇಷ್ಟು ಕ್ಷೇತ್ರಗಳನ್ನು ಒಂದೇ ಬೆಳಗಿನಲ್ಲಿ ಹಾದುಹೋಗಿಯೂ ಯಾವುದನ್ನೂ ನೋಡದೆ ಮುಂದಕ್ಕೆ ಹೋಗುವ ಸೌಲಭ್ಯವನ್ನು ಚತುಷ್ಪಥ ಒದಗಿಸಿದೆ. ಇಲ್ಲಿನ ನೆಲ ಗಟ್ಟಿ, ಮಳೆ ಮಿತ, ಏರಿಳಿತ ಕಡಿಮೆ. ಈ ಭಾಗದ ಅಪಾಯ ರಸ್ತೆಯ ಗುಣದಿಂದ ಬರುವುದಲ್ಲ, ಅದು ಕೊಡುವ ವೇಗದಿಂದ ಬರುವುದು. ನಡುಪಟ್ಟಿಯಲ್ಲಿ ಬಿಟ್ಟ ಸಂದಿನಿಂದ ತಟ್ಟನೆ ಅಡ್ಡ ಬರುವ ಬೈಕು, ಹೊಲದಿಂದ ಹುಲ್ಲು ಹೇರಿಕೊಂಡು ಎದುರು ದಿಕ್ಕಿನಲ್ಲಿ ಬರುವ ಟ್ರ್ಯಾಕ್ಟರು, ದೀಪವಿಲ್ಲದೆ ಬದಿಯಲ್ಲಿ ನಿಂತ ಲಾರಿ. ಮಧ್ಯರಾತ್ರಿಯ ಪ್ರಯಾಣಿಕರು ಈ ಭಾಗದಲ್ಲಿ ನಿದ್ದೆ ಮಾಡುತ್ತಾರೆ. ಚಾಲಕ ಮಾಡಬಾರದು.

ಹಾಸನ ದಾಟಿದ ಮೇಲೆ ಗಾಳಿಯ ವಾಸನೆ ಬದಲಾಗುತ್ತದೆ. ಆಲೂರು, ಬಾಳ್ಳುಪೇಟೆ ಕಳೆಯುತ್ತಿದ್ದಂತೆ ರಾಗಿ, ಆಲೂಗಡ್ಡೆಯ ಹೊಲಗಳು ಮುಗಿದು ಸಿಲ್ವರ್ ಓಕ್ ಮರಗಳು, ಕಾಫಿ ಗಿಡಗಳು ಶುರುವಾಗುತ್ತವೆ. ‘ಆನೆಗಳಿವೆ, ಎಚ್ಚರಿಕೆ’ ಎಂಬ ಫಲಕಗಳೂ ಶುರುವಾಗುತ್ತವೆ. ಅವು ಅಲಂಕಾರಕ್ಕೆ ಹಾಕಿದವಲ್ಲ. ಹಾಸನದಲ್ಲಿ ವರ್ಷಕ್ಕೆ ಸುಮಾರು 900ರಿಂದ 1,000 ಮಿ.ಮೀ. ಮಳೆಯಾದರೆ ನಲವತ್ತು ಕಿ.ಮೀ. ಪಶ್ಚಿಮದ ಸಕಲೇಶಪುರದಲ್ಲಿ ಅದರ ಎರಡು ಪಟ್ಟು ಸುರಿಯುತ್ತದೆ. ಘಟ್ಟದ ಪಶ್ಚಿಮದ ಇಳಿಜಾರಿನಲ್ಲಿ 4,000 ಮಿ.ಮೀ. ದಾಟುವುದು ಸಾಮಾನ್ಯ ಸಂಗತಿ. ಅರಬ್ಬೀ ಸಮುದ್ರದಿಂದ ಬಂದ ಮೋಡಗಳು ಮೊದಲು ಎದುರಾದ ಗೋಡೆಗೆ ತಾಗಿ ಏರುತ್ತವೆ, ತಣಿಯುತ್ತವೆ, ಹೊತ್ತದ್ದನ್ನೆಲ್ಲ ಅಲ್ಲೇ ಇಳಿಸುತ್ತವೆ. ಹಾಸನದವರೆಗೆ ಬರುವಾಗ ಅವುಗಳ ಚೀಲ ಮುಕ್ಕಾಲು ಖಾಲಿ.

ಎರಡು ಸಮುದ್ರಗಳ ನಡುವಿನ ದಿಬ್ಬ

ಸಕಲೇಶಪುರದಲ್ಲಿ ದಾಟುವ ಹೊಳೆ ಹೇಮಾವತಿ. ಅದು ಪೂರ್ವಕ್ಕೆ ಹರಿದು ಗೊರೂರಿನ ಅಣೆಕಟ್ಟನ್ನು ತುಂಬಿಸಿ, ಕಾವೇರಿ ಸೇರಿ, ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅಲ್ಲಿಂದ ಸ್ವಲ್ಪ ದೂರ ಹೋಗಿ ದೋಣಿಗಾಲ್, ಮಾರನಹಳ್ಳಿ ಕಡೆಯ ದಿಬ್ಬ ದಾಟಿದರೆ ಸಿಗುವ ತೊರೆಗಳೆಲ್ಲ ಪಶ್ಚಿಮಕ್ಕೆ ಧುಮುಕುತ್ತವೆ. ಅವು ಗುಂಡ್ಯ ಹೊಳೆಯಾಗಿ ಕುಮಾರಧಾರೆಯನ್ನು ಸೇರುತ್ತವೆ. ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿಕೊಂಡು ಮಂಗಳೂರಿನ ಅಳಿವೆಯಲ್ಲಿ ಕಡಲಿಗೆ ಬೀಳುತ್ತದೆ. ಒಂದೇ ತೋಟದ ಎರಡು ಮಗ್ಗುಲಲ್ಲಿ ಬಿದ್ದ ಹನಿಗಳು ಎರಡು ಸಮುದ್ರಗಳಿಗೆ ಹೋಗುತ್ತವೆ. ಹೇಮಾವತಿ ಆರಾಮವಾಗಿ ನೂರಾರು ಕಿ.ಮೀ. ಹರಿದು ಇಳಿಯುವ ಎತ್ತರವನ್ನು ಈ ತೊರೆಗಳು ಕೆಲವೇ ಕಿ.ಮೀ. ಒಳಗೆ ಇಳಿದುಬಿಡುತ್ತವೆ. ರಸ್ತೆಯೂ ಅವುಗಳ ಜೊತೆಯಲ್ಲೇ ಇಳಿಯಬೇಕು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ದಾರಿ ಗುಂಡ್ಯ ಮುಟ್ಟುವ ಹೊತ್ತಿಗೆ ಮುಕ್ಕಾಲು ಕಿಲೋಮೀಟರಿನಷ್ಟು ಕೆಳಗೆ ಬಂದಿರುತ್ತದೆ.

ಈ ಇಳಿಜಾರಿನ ತಲೆಬಾಗಿಲಿನಲ್ಲಿ, ದೋಣಿಗಾಲ್ ಬಳಿಯ ಗುಡ್ಡದ ಮೇಲೆ ನಕ್ಷತ್ರದ ಆಕಾರದ ಮಂಜರಾಬಾದ್ ಕೋಟೆಯಿದೆ. ಟಿಪ್ಪು ಸುಲ್ತಾನ್ ಇದನ್ನು 1792ರಲ್ಲಿ ಕಟ್ಟಿಸಿದ. ಆಗಿನ ಐರೋಪ್ಯ ಮಾದರಿಯ ಎಂಟು ಮೂಲೆಗಳ ಕೋಟೆ. ಸುತ್ತಲೂ ಮುತ್ತುವ ಮಂಜಿನಿಂದಲೇ ಹೆಸರು ಬಂತೆಂದು ಊರಿನವರು ಹೇಳುತ್ತಾರೆ. ಮಂಜು ಎಷ್ಟೇ ಇದ್ದರೂ ಕೋಟೆ ಅಲ್ಲಿ ಕುಳಿತಿರುವುದು ಮಂಗಳೂರಿನ ದಾರಿಯನ್ನು ಕಾಯುವುದಕ್ಕೆ. ಘಟ್ಟದ ಬಾಯಿ ಯಾರ ಕೈಯಲ್ಲಿದೆಯೋ ಅವರ ಕೈಯಲ್ಲಿ ಕಡಲು ಇದೆ ಎಂಬ ಲೆಕ್ಕ ಆಗಿನದು.

ಅದಕ್ಕೂ ಹಿಂದಿನಿಂದ ಹೇರೆತ್ತುಗಳು ಈ ಘಟ್ಟಗಳಲ್ಲಿ ನಡೆದವು. ಕೆಳಗಿನಿಂದ ಉಪ್ಪು, ತೆಂಗಿನಕಾಯಿ, ಒಣಮೀನು ಮೇಲಕ್ಕೆ ಹೋದರೆ, ಮೇಲಿನಿಂದ ಅಕ್ಕಿ, ಏಲಕ್ಕಿ ಕೆಳಕ್ಕೆ ಬರುತ್ತಿದ್ದವು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಮಂಜರಾಬಾದ್ ಸೀಮೆಯಲ್ಲಿ ಕಾಫಿ ತೋಟಗಳು ಹಬ್ಬಿದ ಮೇಲೆ ಎತ್ತಿನ ಬೆನ್ನು ಸಾಲದೆ ಬಂಡಿ ದಾರಿ ಬೇಕಾಯಿತು. ಕಾಫಿ ಬೀಜ ಹದವಾಗಲು ಮಂಗಳೂರಿಗೆ ಇಳಿದು, ಅಲ್ಲಿಂದ ಹಡಗು ಹತ್ತುತ್ತಿತ್ತು. ಒಂದು ಸಂಗತಿಯನ್ನು ಇಲ್ಲಿ ಗಮನಿಸಬೇಕು. ಹಾರೆ, ಪಿಕಾಸಿ, ಸಿಡಿಮದ್ದು ಬಿಟ್ಟರೆ ಬೇರೆ ಆಯುಧವಿಲ್ಲದ ಆ ಕಾಲದ ರಸ್ತೆ ಗುಡ್ಡದ ಮಾತು ಕೇಳಿಕೊಂಡು ಹೋಗಬೇಕಿತ್ತು. ಗುಡ್ಡ ಸುತ್ತಿದ ಕಡೆ ಸುತ್ತಿ, ತೊರೆ ಬಂದ ಕಡೆ ಒಳಗೆ ಬಾಗಿ, ಬಂಡೆ ಎದುರಾದರೆ ಬಳಸಿ ಹೋಗುತ್ತಿತ್ತು. ಅಗಲ ಒಂದೆರಡು ಬಂಡಿಯಷ್ಟು. ಆದುದರಿಂದ ಗುಡ್ಡಕ್ಕೆ ಆದ ಗಾಯವೂ ಅಷ್ಟೇ.

1956ರ ನವೆಂಬರ್ 1ರವರೆಗೆ ಈ ಘಟ್ಟ ಎರಡು ಆಡಳಿತಗಳ ಗಡಿಯಾಗಿತ್ತು. ಮೇಲಿನದು ಮೈಸೂರು, ಕೆಳಗಿನದು ಮದರಾಸಿಗೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆ. ಏಕೀಕರಣದ ನಂತರ ಗಡಿಯ ದಾರಿ ನಾಡಿನ ನಡುಬೀದಿಯಾಯಿತು. 1970ರ ದಶಕದಲ್ಲಿ ಪಣಂಬೂರಿನಲ್ಲಿ ನವಮಂಗಳೂರು ಬಂದರು ಕೆಲಸ ಆರಂಭಿಸಿದ ಮೇಲೆ ಲಾರಿಗಳ ಸಾಲು ಬೆಳೆಯಿತು. ಎತ್ತು ಹೊತ್ತ ಉಪ್ಪಿನ ಜಾಗದಲ್ಲಿ ಗೊಬ್ಬರ, ಕಲ್ಲಿದ್ದಲು, ತಾಳೆ ಎಣ್ಣೆ, ಅಡುಗೆ ಅನಿಲದ ಬುಲೆಟ್ ಟ್ಯಾಂಕರುಗಳು ಬಂದವು.

ಎಲ್ಲಕ್ಕಿಂತ ಕೆಟ್ಟ ಕಾಲವೆಂದರೆ ಅದಿರಿನ ಕಾಲ. ಈ ಶತಮಾನದ ಮೊದಲ ದಶಕದಲ್ಲಿ ಬಳ್ಳಾರಿ ಕಡೆಯ ಕಬ್ಬಿಣದ ಅದಿರು ಹೇರಿದ ಲಾರಿಗಳು ಘಟ್ಟ ಇಳಿದು ಬಂದರಿಗೆ ಹೋದವು. ಅಳತೆ ಮೀರಿದ ಭಾರ. ಭಾರಕ್ಕೂ ರಸ್ತೆ ಹಾಳಾಗುವುದಕ್ಕೂ ಇರುವ ಸಂಬಂಧ ನಾವು ಅಂದುಕೊಂಡಂತೆ ಇಲ್ಲ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಪರೀಕ್ಷೆಗೆಂದೇ ರಸ್ತೆ ಮಾಡಿ, ಲಾರಿಗಳನ್ನು ಹಗಲಿರುಳು ಓಡಿಸಿ ನೋಡಿದರು. ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಎರಡು ಪಟ್ಟಲ್ಲ, ಹೆಚ್ಚುಕಡಿಮೆ ಹದಿನಾರು ಪಟ್ಟು ಎಂದು ಗೊತ್ತಾಯಿತು. ಜೊತೆಗೆ ನೀರು. ಡಾಂಬರು ಜಲ್ಲಿಯನ್ನು ಹಿಡಿದುಕೊಂಡಿರುವುದು ಅಂಟಿನಿಂದ. ಜಲ್ಲಿಗಾದರೋ ಡಾಂಬರಿಗಿಂತ ನೀರಿನ ಸಂಗ ಇಷ್ಟ. ಬಿರುಕಿನಲ್ಲಿ ಇಳಿದ ನೀರು ಎರಡನ್ನೂ ಬಿಡಿಸುತ್ತದೆ, ಮೇಲೆ ಬಂದ ಚಕ್ರ ಬಿಡಿಯಾದ ಜಲ್ಲಿಯನ್ನು ಎತ್ತಿ ಒಗೆಯುತ್ತದೆ. ಹೊಂಡವಾಗುವುದು ಹೀಗೆ. ಮೂರು ತಿಂಗಳು ಬಿಡದೆ ಮಳೆ, ತಿರುವಿನಲ್ಲಿ ಬ್ರೇಕು ಒತ್ತುವ ಅದಿರು ಲಾರಿ. ಇವೆರಡರ ನಡುವೆ ಶಿರಾಡಿಯ ಡಾಂಬರು ಉಳಿದಿದ್ದರೆ ಅದೇ ಆಶ್ಚರ್ಯ. ರಾಜ್ಯದಿಂದ ಅದಿರು ರಫ್ತಿಗೆ 2010ರಲ್ಲಿ ತಡೆ ಬಿತ್ತು. ಅಷ್ಟರಲ್ಲಿ ‘ಶಿರಾಡಿ’ ಎಂದರೆ ಬೆನ್ನು ನೋವು ಎಂಬ ಅರ್ಥ ಜನರ ಬಾಯಲ್ಲಿ ನಿಂತಿತ್ತು.

ಕಾಂಕ್ರೀಟು ಗೆದ್ದಿತು, ಗುಡ್ಡ ಸೋತಿತು

ಕೊನೆಗೆ ಕಾಂಕ್ರೀಟಿನ ನಿರ್ಧಾರವಾಯಿತು. ನೀರಿಗೂ ಸಿಮೆಂಟಿಗೂ ಡಾಂಬರಿನಷ್ಟು ಹಗೆಯಿಲ್ಲ. 2015ರ ಜನವರಿಯಿಂದ ಆಗಸ್ಟ್‌ವರೆಗೆ ದಾರಿ ಮುಚ್ಚಿ ಹೆಗ್ಗದ್ದೆಯಿಂದ ಕೆಂಪುಹೊಳೆಯವರೆಗೆ 13 ಕಿ.ಮೀ. ಮುಗಿಸಿದರು. 2018ರ ಜನವರಿಯಲ್ಲಿ ಮತ್ತೆ ಮುಚ್ಚಿ ಕೆಂಪುಹೊಳೆಯಿಂದ ಅಡ್ಡಹೊಳೆಯವರೆಗಿನ ಹನ್ನೆರಡು ಚಿಲ್ಲರೆ ಕಿ.ಮೀ. ಮಾಡಿದರು. ಆ ಜುಲೈ ಮಧ್ಯದಲ್ಲಿ ದಾರಿ ತೆರೆಯಿತು. ಹೊಂಡವಿಲ್ಲದ ಶಿರಾಡಿಯನ್ನು ಜನ ಮೊದಲ ಸಲ ನೋಡಿದರು. ಗಂಟೆಗಟ್ಟಲೆ ತೆವಳುತ್ತಿದ್ದ ದಾರಿ ನಿಮಿಷಗಳ ಲೆಕ್ಕಕ್ಕೆ ಬಂತು.

ಆ ಸಂತೋಷ ಒಂದು ತಿಂಗಳು ಉಳಿಯಿತು. ಆಗಸ್ಟ್ ಮಧ್ಯದಲ್ಲಿ ಕೊಡಗಿನ ಗುಡ್ಡಗಳು ಕುಸಿದ ಅದೇ ದಿನಗಳಲ್ಲಿ ಶಿರಾಡಿಯಲ್ಲೂ ಹಲವೆಡೆ ಗುಡ್ಡ ರಸ್ತೆಗೆ ಬಂತು. ದಾರಿ ಮತ್ತೆ ವಾರಗಟ್ಟಲೆ ಮುಚ್ಚಿತು. ಗಮನಿಸಬೇಕಾದದ್ದು ಇಷ್ಟು: ಕಾಂಕ್ರೀಟು ಹಾಳಾಗಿರಲಿಲ್ಲ. ಮಣ್ಣು, ಮರ, ಬಂಡೆ ಸರಿಸಿದ ಮೇಲೆ ಅದು ಬಹುತೇಕ ಇದ್ದ ಹಾಗೇ ಇತ್ತು. ಹೋದದ್ದು ಮೇಲಿನ ಧರೆ ಮತ್ತು ಕೆಲವೆಡೆ ರಸ್ತೆಯ ಕೆಳಗಿನ ಅಂಚು. ಅಷ್ಟು ವರ್ಷ ರಸ್ತೆಯ ಮೇಲ್ಮೈಯನ್ನು ರಿಪೇರಿ ಮಾಡುತ್ತಿದ್ದವರಿಗೆ ರೋಗ ಮೇಲ್ಮೈಯಲ್ಲಿಲ್ಲ ಎಂದು ತೋರಿಸಿಕೊಟ್ಟದ್ದು ಆ ಆಗಸ್ಟ್.

ಮಲೆನಾಡಿನ ರೈತರು ಮಳೆಯನ್ನು ತಿಂಗಳಿನಿಂದ ಎಣಿಸುವುದಿಲ್ಲ, ನಕ್ಷತ್ರದಿಂದ ಎಣಿಸುತ್ತಾರೆ. ಜೂನ್‌ನಲ್ಲಿ ಮೃಗಶಿರ, ಆರಿದ್ರ. ಜುಲೈನಲ್ಲಿ ಪುನರ್ವಸು, ಪುಷ್ಯ. ಆಗಸ್ಟ್‌ನಲ್ಲಿ ಆಶ್ಲೇಷ, ಮಖೆ. ಈ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಇತ್ತೀಚಿನ ಕುಸಿತಗಳ ದಿನಾಂಕ ನೋಡಿದರೆ ಕುತೂಹಲದ ಸಂಗತಿ ಕಾಣುತ್ತದೆ. 2018ರ ಕೊಡಗು ಮತ್ತು ಶಿರಾಡಿ, ಆಶ್ಲೇಷದ ಕೊನೆ. 2019ರಲ್ಲಿ ಚಾರ್ಮಾಡಿ ಘಾಟಿ ಹರಿದುಹೋದದ್ದು ಆಶ್ಲೇಷದಲ್ಲಿ. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದದ್ದೂ ಆಶ್ಲೇಷದಲ್ಲೇ. 2024ರ ಜುಲೈ 30ರ ವಯನಾಡಿನ ದುರಂತ ಪುಷ್ಯದಲ್ಲಿ. ಅದೇ ದಿನಗಳಲ್ಲಿ ಸಕಲೇಶಪುರದ ಆಚೆ ದೊಡ್ಡತಪ್ಪಲೆಯಲ್ಲಿ ಗುಡ್ಡ ಜಾರಿ ಶಿರಾಡಿ ದಾರಿ ಮತ್ತೆ ಮತ್ತೆ ಮುಚ್ಚಿತು.

ಇದರಲ್ಲಿ ಜ್ಯೋತಿಷ್ಯವೇನೂ ಇಲ್ಲ. ಘಟ್ಟದ ತಳಹದಿ ನೈಸ್ ಎಂಬ ಜಾತಿಯ ಬಹು ಹಳೆಯ ಶಿಲೆ. ಅದು ಗಟ್ಟಿ. ಆದರೆ ಲಕ್ಷಾಂತರ ವರ್ಷಗಳ ಬಿಸಿಲು ಮಳೆಗೆ ಅದರ ಮೇಲ್ಭಾಗ ಕೊಳೆತು, ಹಲವೆಡೆ ಹತ್ತಾರು ಅಡಿ ದಪ್ಪದ ಕೆಂಪು ಮಣ್ಣಾಗಿದೆ. ಮಣ್ಣಿನ ಕಣಗಳ ನಡುವಿನ ಸಂದುಗಳು ಬೇಸಿಗೆಯಲ್ಲಿ ಖಾಲಿ. ಮೃಗಶಿರ ಬಂದಾಗ ಮಣ್ಣು ನೀರು ಕುಡಿಯುತ್ತದೆ, ಪುನರ್ವಸುವಿನ ಹೊತ್ತಿಗೆ ಹೊಟ್ಟೆ ತುಂಬುತ್ತದೆ. ಆಮೇಲೆ ಬಂದ ನೀರಿಗೆ ಜಾಗವಿಲ್ಲ. ಅದು ಕಣಗಳನ್ನು ಒಳಗಿನಿಂದಲೇ ದೂಡತೊಡಗುತ್ತದೆ. ಒಂದನ್ನೊಂದು ಒತ್ತಿಕೊಂಡು ನಿಂತಿದ್ದ ಕಣಗಳ ಹಿಡಿತ ಸಡಿಲವಾಗುತ್ತದೆ. ಜೊತೆಗೆ ನೀರು ಕುಡಿದ ಮಣ್ಣಿನ ತೂಕವೂ ಏರಿರುತ್ತದೆ. ಕೆಳಗೆ ನೀರು ಇಳಿಯದ ಬಂಡೆ, ಮೇಲೆ ತೂಕ ಹೆಚ್ಚಿ ಹಿಡಿತ ಕಳೆದುಕೊಂಡ ಮಣ್ಣು. ಪುಷ್ಯದಲ್ಲೋ ಆಶ್ಲೇಷದಲ್ಲೋ ಎರಡು ದಿನ ಜೋರು ಮಳೆ ಹಿಡಿದರೆ ಮುಗಿಯಿತು. ಜೂನ್‌ನಲ್ಲಿ ಬಂದಿದ್ದರೆ ಏನೂ ಮಾಡದೆ ಹೋಗುತ್ತಿದ್ದ ಮಳೆ ಆಗಸ್ಟ್‌ನಲ್ಲಿ ಗುಡ್ಡವನ್ನೇ ತರುತ್ತದೆ.

ಹಾಗಾದರೆ ಗುಡ್ಡಗಳು ಮೊದಲಿನಿಂದಲೂ ಜಾರುತ್ತಲೇ ಇರಬೇಕಿತ್ತಲ್ಲ? ಜಾರಿವೆ, ಅಲ್ಲೊಂದು ಇಲ್ಲೊಂದು. ಆದರೆ ಸಾವಿರಾರು ವರ್ಷ ಕುಳಿತ ಇಳಿಜಾರು ತನಗೆ ಒಗ್ಗುವ ಕೋನವೊಂದನ್ನು ಕಂಡುಕೊಂಡಿರುತ್ತದೆ. ಮರದ ಬೇರುಗಳು ಹೊಲಿಗೆ ಹಾಕಿರುತ್ತವೆ. ರಸ್ತೆಗಾಗಿ ಆ ಇಳಿಜಾರಿನ ಬುಡ ಕಡಿದರೆ ಮೇಲಿನ ಭಾಗಕ್ಕೆ ಆಧಾರ ತಪ್ಪುತ್ತದೆ. ಬಂಡಿ ದಾರಿಗೆ ಕಡಿದ ಧರೆ ಆಳುದ್ದದ್ದು, ಚತುಷ್ಪಥಕ್ಕೆ ಹಿಟಾಚಿ ಯಂತ್ರ ಕಡಿಯುವ ಧರೆ ಮೂರು ನಾಲ್ಕು ಮಹಡಿಯದು. ಮೆತ್ತನೆಯ ಮಣ್ಣನ್ನು ಓರೆಯಾಗಿ, ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು. ಹಾಗೆ ಕಡಿಯಲು ಜಾಗ ಹೆಚ್ಚು ಬೇಕು, ಜಾಗಕ್ಕೆ ಭೂಸ್ವಾಧೀನ ಬೇಕು, ಅರಣ್ಯ ಇಲಾಖೆಯ ಒಪ್ಪಿಗೆ ಬೇಕು, ಹಣ ಬೇಕು. ನೆಟ್ಟಗೆ ಕಡಿದರೆ ಇವೆಲ್ಲ ಉಳಿಯುತ್ತವೆ, ಧರೆ ಉಳಿಯುವುದಿಲ್ಲ. ಹಾಸನದಿಂದ ಮಾರನಹಳ್ಳಿಯವರೆಗಿನ 45 ಕಿ.ಮೀ. ಚತುಷ್ಪಥದ ಕೆಲಸ ಆರಂಭವಾದ ಮೇಲೆ ಗುತ್ತಿಗೆಯ ತೊಡಕುಗಳಿಂದ ವರ್ಷಗಟ್ಟಲೆ ಎಳೆಯಿತು. ಕಡಿದ ಧರೆಗಳು ಗೋಡೆಯಿಲ್ಲದೆ ಹಲವು ಮಳೆಗಾಲ ಬಯಲಿನಲ್ಲಿ ನಿಂತವು. 2021 ಮತ್ತು 2022ರ ಮಳೆಗಾಲಗಳಲ್ಲಿ ದೋಣಿಗಾಲ್ ಬಳಿ ರಸ್ತೆಯ ಅಂಚೇ ಕುಸಿಯಿತು. 2024ರಲ್ಲಿ ದೊಡ್ಡತಪ್ಪಲೆ ಕುಸಿದಾಗ, ಗುಡ್ಡವನ್ನು ನೆಟ್ಟಗೆ ಸೀಳಿದ್ದೇ ಕಾರಣವೆಂಬ ಟೀಕೆ ಎಲ್ಲ ಕಡೆಯಿಂದ ಬಂತು. ಟೀಕೆಗೆ ಆಧಾರವಿತ್ತು.

ತಡೆಗೋಡೆ ಕಟ್ಟಿದರಾಯಿತು ಎನ್ನುವವರಿದ್ದಾರೆ. ಗೋಡೆ ಹಿಡಿಯುವುದು ಮಣ್ಣನ್ನು, ನೀರನ್ನಲ್ಲ. ನೀರಿಗೆ ಹೊರಬರಲು ದಾರಿಯಿಲ್ಲದಿದ್ದರೆ ಅದು ಗೋಡೆಯನ್ನೇ ದೂಡುತ್ತದೆ. ಅದಕ್ಕೇ ಗೋಡೆಯಲ್ಲಿ ಸಾಲಾಗಿ ಸಣ್ಣ ತೂತುಗಳಿರುತ್ತವೆ. ಶಿರಾಡಿಯಲ್ಲಿ ಹೋಗುವ ಪ್ರಯಾಣಿಕರು ಬಸ್ಸಿನ ಕಿಟಕಿಯಿಂದಲೇ ಈ ತೂತುಗಳನ್ನು ನೋಡಬಹುದು. ಜೋರು ಮಳೆಯಲ್ಲಿ ಅವುಗಳಿಂದ ನೀರು ಸುರಿಯುತ್ತಿದ್ದರೆ ಒಳ್ಳೆಯ ಲಕ್ಷಣ. ಒಣಗಿ ನಿಂತಿದ್ದರೆ ನೀರು ಹಿಂದೆ ತುಂಬುತ್ತಿರಬಹುದು. ಧರೆಯ ನೆತ್ತಿಯಲ್ಲಿ ಬಿರುಕು, ಓರೆಯಾದ ಮರ, ತಿಳಿಯಾಗಿದ್ದ ಒರತೆ ಇದ್ದಕ್ಕಿದ್ದಂತೆ ಕೆಂಪಗಾಗುವುದು. ಇವೆಲ್ಲ ಗುಡ್ಡ ಕೊಡುವ ಮುನ್ಸೂಚನೆಗಳು. ತೋಟದ ಆಳುಗಳಿಗೆ ಇವು ಗೊತ್ತು.

ಗುಡ್ಡದ ನೀರಿನ ವಿಷಯ ಬಂದಾಗ ಎತ್ತಿನಹೊಳೆಯನ್ನು ಬಿಡುವಂತಿಲ್ಲ. ಇದೇ ಸಕಲೇಶಪುರದ ಕಾಡಿನ ಪಶ್ಚಿಮಕ್ಕೆ ಹರಿಯುವ ತೊರೆಗಳಿಗೆ ಒಡ್ಡು ಹಾಕಿ, ನೀರನ್ನು ಮೇಲೆತ್ತಿ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಒಯ್ಯುವ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆಯಾಯಿತು, 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತ ಉದ್ಘಾಟನೆಯಾಯಿತು. ಹೆದ್ದಾರಿ 75ರ ಒಂದು ತುದಿಯಲ್ಲಿ ಗುಡ್ಡ ಕೊಚ್ಚುವಷ್ಟು ನೀರು, ಇನ್ನೊಂದು ತುದಿಯಲ್ಲಿ ಕುಡಿಯಲು ನೀರಿಲ್ಲ. ಹಂಚಿಕೊಳ್ಳಬೇಕೆಂಬ ಆಸೆ ಸಹಜವೇ. ಆದರೆ ದೊಡ್ಡ ಕೊಳವೆಗಳಿಗೆ ಅಗೆದದ್ದೂ ಇದೇ ಕೆಂಪು ಮಣ್ಣನ್ನು ಎಂಬುದನ್ನು ಮರೆಯುವಂತಿಲ್ಲ.

ಮುಚ್ಚಿದ ದಿನ

ಶಿರಾಡಿ ಮುಚ್ಚಿದ ದಿನ ಏನಾಗುತ್ತದೆ? ನಕ್ಷೆ ನೋಡಿದರೆ ಬದಲಿ ದಾರಿಗಳಿಗೆ ಬರವಿಲ್ಲ. ಉತ್ತರಕ್ಕೆ ಚಾರ್ಮಾಡಿ, ದಕ್ಷಿಣಕ್ಕೆ ಬಿಸಿಲೆ, ಇನ್ನೂ ದಕ್ಷಿಣಕ್ಕೆ ಮಡಿಕೇರಿಯಿಂದ ಇಳಿಯುವ ಸಂಪಾಜೆ. ಚಾರ್ಮಾಡಿಯ ತಿರುವುಗಳಲ್ಲಿ ದೊಡ್ಡ ಲಾರಿ ಹೊರಳುವುದಿಲ್ಲ. ಬಿಸಿಲೆ ಕಾಡಿನೊಳಗಿನ ಕಿರಿದಾದ ದಾರಿ. ಸಂಪಾಜೆಗೆ ಹೋಗಬೇಕಾದರೆ ಮೈಸೂರು ಸುತ್ತಬೇಕು. ಅದಕ್ಕಿಂತ ಮುಖ್ಯವಾಗಿ, ಎಲ್ಲವೂ ಒಂದೇ ಗುಡ್ಡಸಾಲಿನಲ್ಲಿವೆ, ಒಂದೇ ಮಳೆಗೆ ನೆನೆಯುತ್ತವೆ. 2018ರ ಆಗಸ್ಟ್‌ನಲ್ಲಿ ಶಿರಾಡಿ, ಸಂಪಾಜೆ ಮತ್ತು ಸಕಲೇಶಪುರ–ಸುಬ್ರಹ್ಮಣ್ಯ ರೈಲು ದಾರಿ ಮೂರೂ ಒಟ್ಟಿಗೇ ನಿಂತವು. ಕರಾವಳಿಗೆ ಹೋಗಬೇಕಾದ ಹಾಸನದ ತರಕಾರಿ ಮೇಲೆ, ಬೆಂಗಳೂರಿಗೆ ಹೋಗಬೇಕಾದ ಮೀನು ಕೆಳಗೆ. ಸಕಲೇಶಪುರದ ಕಡೆಯವರು ದೊಡ್ಡ ಕಾಯಿಲೆಗೆ ಮಂಗಳೂರಿನ ಆಸ್ಪತ್ರೆಗಳನ್ನು ನಂಬಿದವರು. ಅವರಿಗೆ ಘಟ್ಟ ಮುಚ್ಚುವುದು ಪ್ರಯಾಣದ ತೊಂದರೆಯಷ್ಟೇ ಅಲ್ಲ. ಈ ನಡುವೆ ಅಡೆತಡೆಯಿಲ್ಲದೆ ಘಟ್ಟ ಹತ್ತುವುದು ನೆಲದಡಿಯ ಪೆಟ್ರೋಲು, ಡೀಸೆಲು ಮಾತ್ರ. ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿಗೆ ಬರುವ 360 ಕಿ.ಮೀ.ಗೂ ಉದ್ದದ ಕೊಳವೆ ಮಾರ್ಗ 2003ರಿಂದ ಕೆಲಸ ಮಾಡುತ್ತಿದೆ.

ರೈಲು ಹೇಳುವ ಪಾಠ ಇಲ್ಲಿ ಉಪಯುಕ್ತ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ.ನಲ್ಲಿ 57 ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳಿವೆ. 1979ರಲ್ಲಿ ಮೀಟರ್‌ಗೇಜ್ ಆಗಿ ಆರಂಭವಾದ ದಾರಿ ಗೇಜು ಬದಲಿಸಲು 1996ರಲ್ಲಿ ನಿಂತು, 2007ರ ಕೊನೆಯಲ್ಲಷ್ಟೇ ಮತ್ತೆ ಪ್ರಯಾಣಿಕರನ್ನು ಕಂಡಿತು. ಇಷ್ಟು ಸುರಂಗಗಳಿದ್ದೂ 2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಬಳಿ ಹಳಿಯ ಬುಡ ಜಾರಿ ಹಲವು ದಿನ ರೈಲು ನಿಂತಿತು. ಸುರಂಗದೊಳಗೆ ಗುಡ್ಡ ಜಾರುವುದಿಲ್ಲ, ನಿಜ. ಆದರೆ ಸುರಂಗಕ್ಕೆ ಬಾಯಿ ಇರಲೇಬೇಕು, ಎರಡು ಸುರಂಗಗಳ ನಡುವೆ ಬಯಲು ಇರಲೇಬೇಕು. ಶಿರಾಡಿ ಹೆದ್ದಾರಿಗೆ ಸುಮಾರು 23 ಕಿ.ಮೀ. ಉದ್ದದ ಸುರಂಗ ಮತ್ತು ಮೇಲ್ಸೇತುವೆಗಳ ದಾರಿ ಮಾಡುವ ಪ್ರಸ್ತಾಪ ಹತ್ತಾರು ವರ್ಷಗಳಿಂದ ಕಡತದಲ್ಲಿ ಏಳುತ್ತಾ ಮಲಗುತ್ತಾ ಇದೆ. ಅದು ಎದ್ದರೂ ಈ ಎರಡು ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಗುತ್ತದೆ.

ಪಶ್ಚಿಮ ಕರಾವಳಿಯ ಕೊಂಕಣ ರೈಲ್ವೆ ಬೇರೊಂದು ರೀತಿಯಲ್ಲಿ ಯೋಚಿಸಿತು. 2003ರ ಜೂನ್‌ನಲ್ಲಿ ಮಹಾರಾಷ್ಟ್ರದ ವೈಭವವಾಡಿ ಬಳಿ ಧರೆ ಕುಸಿದು ರೈಲು ಹಳಿ ತಪ್ಪಿ 50ಕ್ಕೂ ಹೆಚ್ಚು ಜನ ಸತ್ತರು. ಮರುವರ್ಷ ಇನ್ನೊಂದು ಅಪಘಾತ. ಆ ಬಳಿಕ ಧರೆಗಳನ್ನು ಓರೆ ಮಾಡಿದರು, ಬಂಡೆಗಳಿಗೆ ಉಕ್ಕಿನ ಬಲೆ ಹೊದಿಸಿದರು, ಲಾವಂಚ ನೆಟ್ಟರು, ರಾತ್ರಿಯಲ್ಲಿ ಹಳಿಯುದ್ದಕ್ಕೂ ಕಾವಲು ಹಾಕಿದರು. ಎಲ್ಲಕ್ಕಿಂತ ಮುಖ್ಯವಾಗಿ ಮಳೆಗಾಲಕ್ಕೆಂದೇ ಬೇರೆ ವೇಳಾಪಟ್ಟಿ ಮಾಡಿ ರೈಲುಗಳ ವೇಗ ತಗ್ಗಿಸಿದರು. ವರ್ಷದ ಕೆಲವು ತಿಂಗಳು ಗುಡ್ಡವೇ ಯಜಮಾನ ಎಂದು ಒಪ್ಪಿಕೊಂಡ ಹಾಗೆ. ಹೆದ್ದಾರಿಗೆ ಅಂಥ ವೇಳಾಪಟ್ಟಿಯಿಲ್ಲ. ಒಂದೋ ತೆರೆದಿರುತ್ತದೆ, ಇಲ್ಲವೇ ಮುಚ್ಚಿರುತ್ತದೆ, ಮುಚ್ಚುವುದು ಸಾಮಾನ್ಯವಾಗಿ ಕುಸಿದ ಮೇಲೆ. 2024ರ ಜುಲೈ 16ರಂದು ಅಂಕೋಲದ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಬಿದ್ದಾಗ ರಸ್ತೆ ಬದಿಯ ಚಹಾದಂಗಡಿಯಲ್ಲಿದ್ದವರೂ ಲಾರಿ ನಿಲ್ಲಿಸಿಕೊಂಡವರೂ ಕೊಚ್ಚಿಹೋದರು. ಗಂಗಾವಳಿ ನದಿಯ ತಳದಿಂದ ಒಂದು ಲಾರಿಯನ್ನು ಮೇಲೆತ್ತಲು ಎರಡು ತಿಂಗಳಿಗೂ ಹೆಚ್ಚು ಕಾಲ ಬೇಕಾಯಿತು. ಎಷ್ಟು ಮಳೆ ಬಿದ್ದರೆ ಯಾವ ತಿರುವನ್ನು ಮುಚ್ಚಬೇಕೆಂಬ ಲೆಕ್ಕ ಮೊದಲೇ ಇದ್ದರೆ ಬಸ್ ನಿಲ್ದಾಣದ ಆ ಪ್ರಶ್ನೆಗೂ ಸಂಜೆಯೇ ಉತ್ತರ ಸಿಗುತ್ತಿತ್ತು.

ಗುಂಡ್ಯ ಮುಟ್ಟಿದರೆ ಬಸ್ಸಿನಲ್ಲಿದ್ದವರ ಉಸಿರು ಸಡಿಲವಾಗುತ್ತದೆ. ಇಲ್ಲಿಂದ ಎಡಕ್ಕೆ ಹೋದರೆ ಕುಕ್ಕೆ ಸುಬ್ರಹ್ಮಣ್ಯ. ನೆಲ್ಯಾಡಿ, ಉಪ್ಪಿನಂಗಡಿ, ಮಾಣಿ ದಾಟಿ ಬಿ.ಸಿ.ರೋಡ್‌ವರೆಗಿನ ಚತುಷ್ಪಥವೂ 2017ರ ಸುಮಾರಿಗೆ ಆರಂಭವಾಗಿ, ನಿಂತು, ಮತ್ತೆ ಹೊರಟ ಕೆಲಸ. ಕಲ್ಲಡ್ಕದ ಜನ ಹಲವು ವರ್ಷ ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ಕೆಸರು ತಿಂದ ಮೇಲೆ ಅಲ್ಲಿನ ಎರಡು ಕಿಲೋಮೀಟರಿಗೂ ಉದ್ದದ ಮೇಲ್ಸೇತುವೆ 2025ರಲ್ಲಿ ಸಂಚಾರಕ್ಕೆ ತೆರೆಯಿತು. ವಾಹನಗಳು ಈಗ ಊರಿನ ತಲೆಯ ಮೇಲೆ ಹೋಗುತ್ತವೆ. ಹಾಲಿನ ಮೇಲೆ ಡಿಕಾಕ್ಷನ್ ತೇಲುವ ಕಲ್ಲಡ್ಕದ ‘ಕೆ.ಟಿ.’ ಕುಡಿಯಬೇಕೆನ್ನುವವರು ನೆನಪಿಟ್ಟುಕೊಂಡು ಕೆಳಗಿನ ರಸ್ತೆಗೆ ಇಳಿಯಬೇಕು.

ಬಿ.ಸಿ.ರೋಡ್‌ನಲ್ಲಿ ಬೆಳಗಿನ ಆರು ಗಂಟೆ. ಅರ್ಧ ಬಸ್ಸು ಇಳಿಯುತ್ತದೆ. ಪಕ್ಕದಲ್ಲಿ ನೇತ್ರಾವತಿ ಕೆಂಪಗೆ, ತುಂಬಿ ಹರಿಯುತ್ತಿರುತ್ತದೆ. ಮೇಲಿನ ಧರೆಗಳ ಮಣ್ಣೂ ಅದರಲ್ಲಿದೆ. ಬೆಂಗಳೂರಿಗೆ ಹೊರಟ ಎದುರಿನ ಬಸ್ಸಿನ ಚಾಲಕ ಕಿಟಕಿಯಿಂದ ತಲೆ ಹೊರಹಾಕಿ ಕೇಳುತ್ತಾರೆ, ‘ಹೇಗುಂಟು ಮೇಲೆ?’ ಈ ಬಸ್ಸಿನ ಚಾಲಕ ರಾತ್ರಿಯಿಡೀ ನೋಡಿಕೊಂಡು ಬಂದದ್ದನ್ನು ಎರಡು ಮಾತಿನಲ್ಲಿ ಹೇಳಿ ಮುಗಿಸುತ್ತಾರೆ: ‘ದೊಡ್ಡತಪ್ಪಲೆಯಲ್ಲಿ ಸ್ವಲ್ಪ ಮಣ್ಣು ಬಂದಿದೆ. ಈಗ ಹೋಗಬಹುದು, ಬೇಗ ಹೋಗಿ.’